ಬಚ್ಚಲಿಗೊಂದು ಕಲ್ಲಿನ ಕಟ್ಟೆ

ನಮ್ಮ ಹೈದರಾಬಾದಿನ ಫ್ಲ್ಯಾಟುಗಳ ಬಾತ್‌ರೂಮಿನಲ್ಲಿ ಎಲ್ಲಾ ಇದೆ ನೋಡಿ. ಗೀಜರ್, ಶವರ್, ಗೋಡೆ ತುಂಬ ಹೂವಿನ ಟೈಲ್ಸ್. ಕೂಡ್ರಲಿಕ್ಕೆ ಮಾತ್ರ ಜಾಗ ಇಲ್ಲ. ಮೊಣಕಾಲು ಹಿಡಿದ ಮುದುಕರು ಎಲ್ಲಿ ಕೂತು ಮೈಮೇಲೆ ನೀರು ಹಾಕಿಕೊಳ್ಳಬೇಕು? ಬಿಲ್ಡರುಗಳಿಗೆ ಅವ್ವ-ಅಪ್ಪ ಇರುವುದಿಲ್ಲವೇನೋ ಅನ್ನಿಸುತ್ತದೆ ಒಮ್ಮೊಮ್ಮೆ.

ಊರ ಕಡೆಯ ಬಚ್ಚಲ ನೆನಪು ಮಾಡಿಕೊಳ್ಳಿ. ಒಲೆ ಮೇಲೆ ಹಂಡೆ, ಪಕ್ಕದಲ್ಲಿ ಕೂಡ್ರುವ ಕಲ್ಲು. ದೀಪಾವಳಿಗೆ ಎಣ್ಣೆ ಹಚ್ಚಿಸಿಕೊಂಡಿದ್ದೂ ಅದರ ಮೇಲೇ. ನಿಂತು ಸ್ನಾನ ಮಾಡುವುದು ನಮ್ಮ ಮನೆಗಳಿಗೆ ಶವರಿನ ಜೊತೆ ಬಂದದ್ದು. ನಮ್ಮವ್ವನಿಗೆ ಈಗ 81. ಪ್ಲಾಸ್ಟಿಕ್ ಸ್ಟೂಲ್ ಸೋಪಿನ ನೀರಲ್ಲಿ ಜಾರುತ್ತದೆ ಅಂತ ಆಕೆಗೆ ಭಯ. ಆ ಭಯಕ್ಕೇ ದಿನಾ ಸ್ನಾನ ಮಾಡುತ್ತಿದ್ದವಳು ದಿನ ಬಿಟ್ಟು ದಿನ ಮಾಡತೊಡಗಿದಳು. ಅದಕ್ಕೇ ಹೋದ ವರ್ಷ ಕಲ್ಲಿನ ಕಟ್ಟೆ ಕಟ್ಟಿಸಿದೆ. ವಯಸ್ಸಾದವರಿರುವ ಪ್ರತಿ ಮನೆಯಲ್ಲೂ ಇದು ಇರಬೇಕು ಅಂತ ನನ್ನ ವಾದ. ಆದರೆ ಕಲ್ಲು ಕೊಳ್ಳುವ ಮೊದಲು ಕಲ್ಲಿನ ಕೆಳಗಿನದನ್ನು ಯೋಚಿಸಿ.

ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು ಹಳೇ ಟೈಲ್ಸ್ ಮೇಲೆ ಇಟ್ಟಿಗೆ ಕಟ್ಟಿಸಿ, ಮೇಲೊಂದು ಕಲ್ಲು ಹೊದಿಸಿ ಎರಡೇ ದಿನದಲ್ಲಿ ಕೆಲಸ ಮುಗಿಸಿದರು. ಆರು ತಿಂಗಳಿಗೆ ಕೆಳಗಿನ ಮನೆಯ ಸೀಲಿಂಗಿನ ಬಣ್ಣ ಹಪ್ಪಳದ ಹಾಗೆ ಎದ್ದಿತು. ಎರಡೂ ಮನೆಯವರು ಈಗ ಲಿಫ್ಟಿನಲ್ಲಿ ಎದುರಾದರೂ ಮಾತಾಡುವುದಿಲ್ಲ.

ಟೈಲ್ಸ್ ಇದ್ದರೆ, ಗ್ರಾನೈಟ್ ಇದ್ದರೆ ನೀರು ಇಳಿಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ನೀರಿಗೆ ಕಲ್ಲು ಬೇಕಿಲ್ಲ, ಸಂದು ಸಾಕು. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ಫ್ಲ್ಯಾಟುಗಳಲ್ಲಿ ಎಷ್ಟೋ ಕಡೆ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ, ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿರುತ್ತಾರೆ. ಇಳಿದ ನೀರು ಅಲ್ಲಿ ಕೆರೆಯ ಹಾಗೆ ನಿಂತು, ದಾರಿ ಸಿಕ್ಕಾಗ ಕೆಳಗಿನ ಮನೆಗೆ ಹೋಗುತ್ತದೆ. ಕಲ್ಲಿಗೆ ಸೀಲರ್ ಬಳಿದರೆ ಕಲೆ ಕಡಿಮೆಯಾದೀತು, ಸೋರುವುದು ನಿಲ್ಲುವುದಿಲ್ಲ.

ನಾವು ಶವರ್ ಕಡೆಯ ಟೈಲ್ಸ್ ಪೂರ್ತಿ ಕಿತ್ತು, ಇಟ್ಟಿಗೆಯಲ್ಲಿ ಕಟ್ಟೆ ಕಟ್ಟಿಸಿ ಪ್ಲಾಸ್ಟರ್ ಮಾಡಿಸಿದೆವು. ನೆಲ, ಗೋಡೆ, ಕಟ್ಟೆ ಸೇರುವ ಮೂಲೆಗಳಿಗೆಲ್ಲ ಗಾರೆಯಿಂದ ದುಂಡಗೆ ಗೋಲಾ. ಆಮೇಲೆ ಒಂದೇ ಅಂಗಿ ತೊಡಿಸಿದ ಹಾಗೆ ನೆಲಕ್ಕೆ, ಕಟ್ಟೆಯ ಮೈಗೆ, ತಲೆಗೆ, ಹಿಂದಿನ ಗೋಡೆಗೆ ಆರಡಿವರೆಗೂ ಪಾಲಿಮರ್ ಲೇಪ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಮೂಲೆಗಳಲ್ಲಿ ಎರಡರ ನಡುವೆ ಫೈಬರ್ ಜಾಲರಿ. ನಮ್ಮ ಮೇಸ್ತ್ರಿ "ಒಕ್ಕ ಕೋಟು ಚಾಲು ಸಾರ್" ಅಂತ ರಾಗ ಎಳೆದ. ಬ್ಯಾಂಕಿನಲ್ಲಿ ಮನೆ ಸಾಲದ ಕಂತು ಬಿಡುವಾಗ ಕಟ್ಟಡ ಎಲ್ಲಿಗೆ ಬಂತು ಅಂತ ನೋಡದೆ ನಾವು ದುಡ್ಡು ಬಿಡುವುದಿಲ್ಲವಲ್ಲ, ಅದೇ ನಿಯಮ ಇಲ್ಲೂ ಅಂದೆ. ಎರಡು ಕೋಟ್, ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಎರಡನೇ ಕಂತು.

ಪರೀಕ್ಷೆ ಏನು ದೊಡ್ಡದಲ್ಲ. ಲೇಪ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಟ್ಟು, ಮೋರಿ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡುವುದು. ಕಟ್ಟೆಯ ತಲೆಯ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ಗೋಣಿಚೀಲ ಹಾಸಿ ನೆನೆಸಿಟ್ಟೆವು. ಮರುದಿನ ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ ಬಂದೆ. ಅವರು ಚಹಾ ಕೊಟ್ಟರು.

ಇನ್ನು ಕಲ್ಲು. ಹೈದರಾಬಾದಿನವರು ನೆಲದ ಕಲ್ಲಿಗೆ "ಷಾಬಾದ್ ಬಂಡಲು" ಅನ್ನುತ್ತಾರೆ. ಅದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಅಂತ ಎಷ್ಟು ಮಂದಿಗೆ ಗೊತ್ತೋ! ಸಿಕಂದರಾಬಾದ್–ವಾಡಿ ರೈಲು 1874ರದು, ವಾಡಿ ದಾಟಿದರೆ ಶಹಾಬಾದ್. 1956ರ ತನಕ ಗುಲ್ಬರ್ಗವೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಕಟ್ಟೆಗೂ ಊರ ಫರ್ಸಿಯನ್ನೇ ಹಾಕಿಸುವ ಆಸೆ ನನಗಿತ್ತು. ಆದರೆ ಅದು ಸುಣ್ಣದ ಕಲ್ಲು, ತಾಂಡೂರು ಕಲ್ಲೂ ಅದೇ ಜಾತಿ. ಎಣ್ಣೆ ಕುಡಿದು ಕಲೆ ಉಳಿಸಿಕೊಳ್ಳುತ್ತದೆ, ಬಾತ್‌ರೂಮ್ ತೊಳೆಯುವ ಆಸಿಡ್ ಬಿದ್ದರೆ ಮೈ ತಿನ್ನಿಸಿಕೊಳ್ಳುತ್ತದೆ, ಅಂಚು ಪದರಪದರವಾಗಿ ಏಳುವುದೂ ಉಂಟು. ಊರ ಅಭಿಮಾನ ಬೇರೆ, ಅವ್ವನ ಬಚ್ಚಲ ಬೇರೆ. ಪಾಲಿಶ್ ಇಲ್ಲದ, ಲೆದರ್ ಫಿನಿಶ್ ಗ್ರಾನೈಟ್ ಹಾಕಿಸಿದೆ. ಒಂದೇ ತುಂಡು, ನಡುವೆ ಸಂದಿಲ್ಲ. ಕಪ್ಪು ಬಣ್ಣ ಬೇಡ. ಇಲ್ಲಿಯ ಬೋರ್‌ವೆಲ್ ನೀರಿನ ಬಿಳಿ ಕಲೆ ಅದರ ಮೇಲೆ ಎದ್ದು ಕಾಣುತ್ತದೆ.

ಕಲ್ಲು ಮುಂದಕ್ಕೆ ಅಡಿಗೆ ಕಾಲಿಂಚಿನಷ್ಟು ಇಳಿಜಾರಿರಬೇಕು. ಒಂದಿಂಚು ಹೊರಚಾಚಿ, ಚಾಚಿದ ಅಂಚಿನ ತಳದಲ್ಲಿ ಉದ್ದಕ್ಕೂ ಒಂದು ಗೀರು ಕೊರೆಸಿ, ಕಿಟಕಿ ಸಜ್ಜಾಕ್ಕೆ ಮಾಡುವ ಹಾಗೆ. ನೀರು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಎತ್ತರಕ್ಕೆ ಅಮೆರಿಕದವರ ನಿಯಮ 17ರಿಂದ 19 ಇಂಚು. ಅವ್ವ ಗಿಡ್ಡ, ಆಕೆಯ ಪಾದ ನೆಲ ಮುಟ್ಟಬೇಕಲ್ಲ, 16ಕ್ಕೆ ಇಳಿಸಿದೆವು.

ಹಿಡಿದು ಏಳಲು ಸ್ಟೀಲ್ ಹಿಡಿಕೆಯೂ ಬೇಕು. ಅದರ ಜಾಗ ಲೇಪಕ್ಕಿಂತ ಮೊದಲೇ ಗುರುತು ಮಾಡಿ, ಅಲ್ಲಿ ಗೋಡೆ ಗಟ್ಟಿ ಇದೆಯೇ ಬಡಿದು ನೋಡಿ. ಕೊನೆಗೆ ಡ್ರಿಲ್ ಹೊಡೆದರೆ ಲೇಪಕ್ಕೂ ತೂತು ಬೀಳುವುದು ತಪ್ಪದು. ಸ್ಕ್ರೂ ಹಾಕುವ ಮೊದಲು ಆ ತೂತಿಗೆ ಸಿಲಿಕಾನ್ ತುಂಬಿಸಿ, ನೀವೇ ಎದುರಿಗೆ ನಿಂತು.