ಮಣಿಪಾಲ ಹತ್ತಿರ ಉಂಟು, ಆದರೆ ಆ ಐದು ನಿಮಿಷ?

ನಮ್ಮ ಆಚೆಮನೆಯ ಹುಡುಗಿಗೆ ಕಳೆದ ವರ್ಷ ಶಾಲೆಯಲ್ಲಿ ಫಿಟ್ಸ್ ಬಂತು. ಒಬ್ಬರು ಕೈಗೆ ಬೀಗದ ಕೈ ಕೊಟ್ಟರಂತೆ, ಇನ್ನೊಬ್ಬರು ಹಲ್ಲಿನ ಮಧ್ಯೆ ಚಮಚ ತುರುಕಿದರಂತೆ. ಫಿಟ್ಸ್ ಎರಡು ನಿಮಿಷದಲ್ಲಿ ತನ್ನಷ್ಟಕ್ಕೆ ನಿಂತಿತು. ಮುರಿದ ಹಲ್ಲು ಮಾತ್ರ ಹಾಗೇ ಉಂಟು. ಮೇಲಿಂದ "ಗುಣ ಆಗುವವರೆಗೆ ಮನೆಯಲ್ಲೇ ಇರಲಿ" ಅಂತ ಶಾಲೆಯವರ ಮಾತು ಬೇರೆ!

ಅವರಿಗೆ ಬೈದು ಎಂತ ಪ್ರಯೋಜನ? ಯಾರೂ ಹೇಳಿಕೊಟ್ಟಿಲ್ಲ. ಕಬ್ಬಿಣ ಹಿಡಿಸುವುದು, ನೀರುಳ್ಳಿ ಮೂಗಿಗೆ ಹಿಡಿಯುವುದು ಎಲ್ಲ ನಮ್ಮ ಮನೆಗಳಿಂದಲೇ ಶಾಲೆಗೆ ಹೋದದ್ದು.

"ಮಣಿಪಾಲ ಇಷ್ಟು ಹತ್ತಿರ ಉಂಟಲ್ಲಾ, ಎಂತ ಹೆದರಿಕೆ?" ಅಂತ ನಾವೆಲ್ಲ ಹೇಳ್ತೇವೆ. ದೊಡ್ಡ ದೊಡ್ಡ ಡಾಕ್ಟ್ರು ಇದ್ದಾರೆ, ಸರಿ. ಆದರೆ ಕಾಪುವಿನ ಕಡಲಬದಿಯಿಂದಾಗಲಿ, ಕಾರ್ಕಳದ ಘಟ್ಟದ ಬುಡದಿಂದಾಗಲಿ ಮಗು ಅಲ್ಲಿ ತಲುಪುವ ಹೊತ್ತಿಗೆ ಸಾಮಾನ್ಯ ಫಿಟ್ಸ್ ಮುಗಿದೇ ಹೋಗಿರ್ತದೆ. ಮೊದಲ ಐದು ನಿಮಿಷ ಮಗುವಿನ ಹತ್ತಿರ ಇರುವವರು ಟೀಚರು, ಆಯಾ, ಬಿಸಿಯೂಟದ ಅಕ್ಕ, ಬಸ್ಸಿನ ಡ್ರೈವರು. ಕಲಿಸಬೇಕಾದ್ದು ಅವರಿಗೆ.

ಕಲಿಯಲಿಕ್ಕೆ ಇರುವುದಾದರೂ ಎಷ್ಟು? ಗಡಿಯಾರ ನೋಡಬೇಕು. ಬೆಂಚು, ಕಲ್ಲು ದೂರ ಸರಿಸಿ ತಲೆಯಡಿಗೆ ಮೆತ್ತಗಿನದ್ದು ಇಡಬೇಕು. ಕುತ್ತಿಗೆಯ ಟೈ ಸಡಿಲಿಸಿ, ಜೊಲ್ಲು ಹೊರಗೆ ಹೋಗುವ ಹಾಗೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಒತ್ತಿ ಹಿಡಿಯಬಾರದು. ಬಾಯಿಗೆ ಏನೂ ಹಾಕಬಾರದು, ಪೂರ್ತಿ ಎಚ್ಚರ ಆಗುವವರೆಗೆ ನೀರು ಸಹ. ಐದು ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೆ ಬಂದರೆ, ಪೆಟ್ಟಾದರೆ, ಅಥವಾ ಇದೇ ಮೊದಲ ಸಲ ಆದರೆ 108ಕ್ಕೆ ಫೋನು. ಇನ್ನೊಂದು: ಎಲ್ಲ ಫಿಟ್ಸೂ ಬಿದ್ದು ಒದ್ದಾಡುವುದಲ್ಲ. ಪಾಠದ ಮಧ್ಯೆ ಮಗು ಕೆಲವು ಸೆಕೆಂಡು ಸುಮ್ಮನೆ ದಿಟ್ಟಿಸಿ ಕೂತರೆ ಅದೂ ಫಿಟ್ಸ್ ಇರಬಹುದು. "ಎಲ್ಲಿ ನೋಡ್ತೀಯಾ?" ಅಂತ ಕಿವಿ ಹಿಂಡುವ ಮೊದಲು ಮನೆಯವರಿಗೆ ಹೇಳಿ.

ಇಷ್ಟಕ್ಕೆ ಅರ್ಧ ದಿನ ಸಾಕು ಮಾರಾಯ್ರೆ. ವಾರ್ಷಿಕೋತ್ಸವದ ಡ್ಯಾನ್ಸಿಗೆ ವಾರಗಟ್ಟಲೆ ಪ್ರಾಕ್ಟೀಸ್ ಮಾಡಿಸುವವರಿಗೆ ಇದಕ್ಕೆ ಪುರುಸೊತ್ತಿಲ್ಲವಾ?

ನಮ್ಮದೂ ತಪ್ಪುಂಟು. "ಹೆಣ್ಣು ಮಗು, ನಾಳೆ ಮದುವೆ ಆಗಬೇಕು" ಅಂತ ಶಾಲೆಗೆ ಹೇಳದೆ ಮುಚ್ಚಿಡ್ತೇವೆ. ಹಿಂದೂ ವಿವಾಹ ಕಾಯ್ದೆಯಿಂದಲೇ 1999ರಲ್ಲಿ ಅಪಸ್ಮಾರದ ಅಡ್ಡಿ ತೆಗೆದಾಗಿದೆ. ನಮ್ಮ ಮನಸ್ಸಿನಿಂದ ತೆಗೆಯಲು ಇನ್ನೆಷ್ಟು ವರ್ಷ? ಸರಿಯಾದ ಮದ್ದು ಸಿಕ್ಕಿದರೆ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳ್ತದೆ. ಅಂಥ ಮಗುವನ್ನು ಮನೆಯಲ್ಲಿ ಕೂರಿಸುವುದು ಯಾವ ನ್ಯಾಯ?

ಅಕ್ಕಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕು ಕೇಳುವ ಮೊದಲು ಇದನ್ನು ಕೇಳಿ: "ಇಲ್ಲಿ ಒಂದು ಮಗುವಿಗೆ ಫಿಟ್ಸ್ ಬಂದರೆ ಎಂತ ಮಾಡಬೇಕು ಅಂತ ಯಾರಿಗೆಲ್ಲ ಗೊತ್ತುಂಟು?" ಉತ್ತರ ಬರುವವರೆಗೆ ಎದ್ದು ಬರಬೇಡಿ.