ಕಾರ್ಖಾನೆ ಬಂತು, ಹದ ಹೇಳುವ ಕೆಲಸ ಬರಲಿಲ್ಲ

ಹಿಂದೂಪುರ: ಪೆನುಕೊಂಡ ಸಮೀಪದ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆಗೆ ಒಪ್ಪಂದವಾಗಿದ್ದು 2017ರಲ್ಲಿ. 2019ರ ಆಗಸ್ಟ್‌ನಲ್ಲಿ ಸೆಲ್ಟೋಸ್ ತಯಾರಿಕೆ ಶುರುವಾಯಿತು. ಅದೇ ವರ್ಷ ಆಂಧ್ರ ಸರ್ಕಾರ ಕಾರ್ಖಾನೆಗಳಲ್ಲಿ ಶೇ 75ರಷ್ಟು ಕೆಲಸ ಸ್ಥಳೀಯರಿಗೇ ಎಂಬ ಕಾಯ್ದೆಯನ್ನೂ ತಂದಿತು. ನಮ್ಮ ಹುಡುಗರಿಗೆ ಎಷ್ಟು ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಅಂದಿನಿಂದ ಎಲ್ಲ ಪಕ್ಷದವರೂ ಕೇಳುತ್ತಿದ್ದಾರೆ. ಎಂಥ ಕೆಲಸ ಸಿಕ್ಕಿತು ಎಂದು ಕೇಳಿದವರು ಕಡಿಮೆ.

ಪ್ರೆಸ್ ಶಾಪನ್ನೇ ನೋಡಿ. ಉಕ್ಕಿನ ತಗಡು ಅಚ್ಚಿನ ನಡುವೆ ಸಿಕ್ಕಿ ಕ್ಷಣದಲ್ಲಿ ಬಾಗಿಲೋ ಬಾನೆಟ್ಟೋ ಆಗಿ ಹೊರಬರುತ್ತದೆ. ಕೆಲವೊಮ್ಮೆ ಮೂಲೆಯಲ್ಲಿ ಸೀಳುತ್ತದೆ, ಸುಕ್ಕು ಬೀಳುತ್ತದೆ, ಇಲ್ಲವೇ ಅಚ್ಚು ಬಿಟ್ಟ ಕೂಡಲೇ ಕೊಂಚ ಹಿಂದಕ್ಕೆ ಚಿಮ್ಮಿ ಅಳತೆ ತಪ್ಪುತ್ತದೆ. ತಗಡಿನ ಗಟ್ಟಿತನ ಹೆಚ್ಚಿದಷ್ಟೂ ಈ ಚಿಮ್ಮುವಿಕೆಯೂ ಹೆಚ್ಚು. ಸೀಳಿದ ತುಂಡನ್ನು ಎತ್ತಿ ಪಕ್ಕಕ್ಕಿಡುವುದು ಆಪರೇಟರ್ ಕೆಲಸ. ಅದು ಏಕೆ ಸೀಳಿತು, ಮುಂದಿನದು ಸೀಳದಂತೆ ಏನು ಮಾಡಬೇಕು ಎಂದು ಹೇಳುವವನು ಬೇರೆ. ಅವನೇ ಲೋಹವಸ್ತುಗಳ ಸಂಶೋಧಕ. ಕಿಯಾ ಸೇರಿದ ಹ್ಯುಂಡೈ ಸಮೂಹದ ಮುಖ್ಯ ಸಂಶೋಧನಾ ಕೇಂದ್ರ ಇರುವುದು ಕೊರಿಯಾದ ನಾಮ್‌ಯಾಂಗ್‌ನಲ್ಲಿ. ಭಾರತದಲ್ಲಿ ಅದರ ಕೇಂದ್ರ ಹೈದರಾಬಾದ್‌ನಲ್ಲಿದೆ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಕಲ್ಯಾಣದುರ್ಗದ ಕಡೆ ಮಳೆಗಾಲಕ್ಕೆ ಮುಂಚೆ ಗುಳ ತಟ್ಟಿಸಲು ಕುಲುಮೆಗೆ ಹೋದ ರೈತರಿಗೆಲ್ಲ ಗೊತ್ತು: ಕಬ್ಬಿಣ ಯಾವ ಕೆಂಪಿಗೆ ಬಂದಾಗ ಸುತ್ತಿಗೆ ಎತ್ತಬೇಕು, ಎಷ್ಟು ಜೋರಾಗಿ ಹೊಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಕಮ್ಮಾರನ ಕಣ್ಣಿನಲ್ಲಿತ್ತು. ನಾವು ಅದಕ್ಕೆ ಹದ ಎನ್ನುತ್ತೇವೆ, ತೆಲುಗಿನವರು ಪದುನು ಎನ್ನುತ್ತಾರೆ. ಬಿತ್ತನೆಗೆ ತಕ್ಕ ನೆಲದ ತೇವಕ್ಕೂ ಎರಡೂ ಭಾಷೆಯಲ್ಲಿ ಅದೇ ಮಾತು. ಮಧುಗಿರಿ, ಚಿನ್ನರಾಯನದುರ್ಗದ ಸುತ್ತ ಕಬ್ಬಿಣ, ಉಕ್ಕು ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಕಂಡು ಬರೆದಿದ್ದಾನೆ. ದಕ್ಷಿಣ ಭಾರತದ ಮೂಸೆಯ ಉಕ್ಕು ಯೂರೋಪಿಗೆ ಹೋಗಿ ‘ವೂಟ್ಜ್’ ಆಯಿತು. ಅದು ನಮ್ಮ ‘ಉಕ್ಕು’ ಪದವೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದನ್ನು ತಟ್ಟಲು ಹೋದ ಅಲ್ಲಿನ ಕಸುಬುದಾರರು ತಿಣುಕಾಡಿದರು. ಇಂಗಾಲ ಹೆಚ್ಚಿರುವ ಆ ಉಕ್ಕನ್ನು ಬಿಳಿಗಾವಿಗೆ ತಂದು ಹೊಡೆದರೆ ಒಡೆದುಹೋಗುತ್ತದೆ. ಅದಕ್ಕೆ ಬೇಕಾದ್ದು ತಗ್ಗಿದ ಕೆಂಪು ಕಾವು.

ಕಮ್ಮಾರನ ಕಣ್ಣಿನಲ್ಲಿದ್ದ ಈ ಹದವನ್ನು ಕಾಗದದ ಮೇಲೆ ತಂದ ಕೆಲಸದ ದೊಡ್ಡ ಪಾಲು ನಡೆದದ್ದು ಹಿಂದೂಪುರದಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ಪ್ರಾಧ್ಯಾಪಕ ವೈ.ವಿ.ಆರ್.ಕೆ. ಪ್ರಸಾದ್ ಅಮೆರಿಕದ ಸಂಶೋಧಕರೊಡನೆ ಸೇರಿ 1984ರಲ್ಲಿ ಒಂದು ಹೊಸ ವಿಧಾನ ಪ್ರಕಟಿಸಿದರು. 10 ಮಿ.ಮೀ. ದಪ್ಪ, 15 ಮಿ.ಮೀ. ಎತ್ತರದ ಲೋಹದ ತುಂಡುಗಳನ್ನು ಬೇರೆ ಬೇರೆ ಕಾವಿನಲ್ಲಿ, ಬೇರೆ ಬೇರೆ ವೇಗದಲ್ಲಿ ಅದುಮುವುದು. ಎಷ್ಟು ಬಲ ಬೇಕಾಯಿತು ಎಂದು ಬರೆದಿಡುವುದು. ಆಮೇಲೆ ತುಂಡನ್ನು ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಒಳಗಿನ ಕಣ ನೋಡುವುದು. ಕೊನೆಗೆ ಒಂದು ನಕ್ಷೆ: ಒಂದು ಬದಿಗೆ ಕಾವು, ಇನ್ನೊಂದು ಬದಿಗೆ ವೇಗ. ಈ ಜಾಗದಲ್ಲಿ ತಟ್ಟಿದರೆ ಲೋಹ ಚೆನ್ನಾಗಿ ಮೈ ಬಿಡುತ್ತದೆ, ಆ ಜಾಗದಲ್ಲಿ ಒಳಗೇ ಬಿರುಕು. 1997ರಲ್ಲಿ ಪ್ರಸಾದ್ ಮತ್ತು ಎಸ್. ಶಶಿಧರ ನೂರಕ್ಕೂ ಹೆಚ್ಚು ಲೋಹ, ಮಿಶ್ರಲೋಹಗಳ ನಕ್ಷೆಗಳನ್ನು ಸೇರಿಸಿ ಪುಸ್ತಕ ತಂದರು. ಅದರ ಪ್ರಕಾಶಕರು ಅಮೆರಿಕದವರು.

ಇದೆಲ್ಲ ಬರೀ ಪುಸ್ತಕದ ಬದನೆಕಾಯಿ ಎನ್ನುವಂತಿಲ್ಲ. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ, ಬಾಗದ ಟೈಟಾನಿಯಂ ಮಿಶ್ರಲೋಹವನ್ನು 2000 ಟನ್ ಪ್ರೆಸ್ಸಿನಲ್ಲಿ ನಿಧಾನವಾಗಿ ಅದುಮಿ, ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೋರ್ ಎಂಜಿನ್ನಿಗೆ ಬೇಕಾದ ಕಂಪ್ರೆಸರ್ ಡಿಸ್ಕ್ ತಯಾರಿಸುವ ತಂತ್ರ ಸಿದ್ಧಿಸಿತೆಂದು 2021ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಇನ್ನೂರು ಡಿಸ್ಕ್‌ಗಳು ಬೆಂಗಳೂರಿನ ಎಚ್‌ಎಎಲ್ ಕೈ ಸೇರಿದವು. ಇಷ್ಟು ದೂರವೇಕೆ, ಹಿಂದೂಪುರದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ಯಲಹಂಕದಲ್ಲಿ ದಾಟುವ ರೈಲು ಗಾಲಿ ಕಾರ್ಖಾನೆಯಲ್ಲಿ 1984ರಿಂದ ಗಾಲಿಗಳನ್ನು ಎರಕ ಹೊಯ್ಯುತ್ತಾರೆ, ಅಚ್ಚುಗಳನ್ನು ಕಾಯಿಸಿ ತಟ್ಟುತ್ತಾರೆ. ನಾವು ಕುಳಿತ ಬೋಗಿಯ ಕೆಳಗಿರುವುದೂ ಇದೇ ವಿದ್ಯೆ.

ಹಾಗಾದರೆ ಗಡಿ ಮಂಡಲಗಳ ಮಕ್ಕಳಿಗೆ ದಾರಿ ಯಾವುದು? ರೊಳ್ಳ, ಅಮರಾಪುರ, ಕುಂದುರ್ಪಿ ಕಡೆಯ ಮನೆಗಳಲ್ಲಿ ಎಂಜಿನಿಯರಿಂಗ್ ಎಂದರೆ ಈಗಲೂ ಕಂಪ್ಯೂಟರ್ ಎಂದೇ ಅರ್ಥ. ಲೋಹಶಾಸ್ತ್ರದ ಹೆಸರನ್ನು ಯಾರೂ ಎತ್ತುವುದಿಲ್ಲ. ಕಡಪ ಜಿಲ್ಲೆಯ ಆರ್.ಕೆ. ವ್ಯಾಲಿಯ ಆರ್‌ಜಿಯುಕೆಟಿಯಲ್ಲಿ ಈ ವಿಭಾಗವಿದೆ, ಹತ್ತನೇ ತರಗತಿಯ ಅಂಕದ ಮೇಲೆಯೇ ಆರು ವರ್ಷದ ಕೋರ್ಸಿಗೆ ಸೀಟು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ಇದೆ. ಮೆಕ್ಯಾನಿಕಲ್ ಓದಿದವರೂ ಗೇಟ್ ಪರೀಕ್ಷೆ ಬರೆದು ಮುಂದೆ ಈ ಕಡೆ ತಿರುಗಬಹುದು. ಆದರೆ ಎಂ.ಟೆಕ್, ಪಿಎಚ್.ಡಿ. ಮುಗಿಯುವ ಹೊತ್ತಿಗೆ ಮೂವತ್ತು ಸಮೀಪಿಸುತ್ತದೆ. ಪ್ರೆಸ್ ಶಾಪಿನಲ್ಲಿ ಇಪ್ಪತ್ತಕ್ಕೇ ಸಂಬಳ ಬರುತ್ತದೆ. ಶೇಂಗಾ ಕೈಕೊಟ್ಟ ಮನೆ ಯಾವುದನ್ನು ಆರಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆರ್‌ಜಿಯುಕೆಟಿಯನ್ನು ಮೊದಲು ಹೆಸರಿಸಿದ್ದು ಇದಕ್ಕೇ.

ಇನ್ನೊಂದು ಬಾಗಿಲು ಕಲ್ಯಾಣದುರ್ಗಕ್ಕೆ ಬೆಂಗಳೂರಿಗಿಂತ ಹತ್ತಿರದಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗೆ 1500 ಎಕರೆಯ ಎರಡನೇ ಆವರಣವಿದೆ. ಹುಲ್ಲುಗಾವಲು ಹೋಯಿತೆಂಬ ಸುತ್ತಲಿನ ಹಳ್ಳಿಗರ ಕೊರಗು ನ್ಯಾಯವಾದದ್ದೇ. ಆದರೂ ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ನಡೆಯುತ್ತದೆ. ಆಂಧ್ರದ ಕನ್ನಡ ಮಾಧ್ಯಮ ಶಿಕ್ಷಕರನ್ನು ವರ್ಷಕ್ಕೊಂದು ತಂಡದಂತೆ ಅಲ್ಲಿಗೆ ಕಳಿಸಲು ಎರಡು ಸರ್ಕಾರಗಳ ನಡುವೆ ಒಂದು ಪತ್ರ ಸಾಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆದ್ದರಿಂದ ಆ ಪತ್ರಕ್ಕೆ ಈಗ ಇಬ್ಬರು ಕಲೆಕ್ಟರ್‌ಗಳನ್ನು ಕೇಳಬೇಕು.