ಕೈಗೆ ಬಂದ ವಿದ್ಯೆ

ಪುಸ್ತಕದಿಂದ ಕಲಿತದ್ದು ಮಾತ್ರವೇ ವಿದ್ಯೆಯೆಂದು ಎಣಿಸುವ ರೂಢಿಯು ನಮ್ಮಲ್ಲಿ ಬಲವಾಗಿರುವದು. ಹದಡಿಯಲ್ಲಿ ಜೋಳದ ರೊಟ್ಟಿ ತಟ್ಟುವ ಹೆಣ್ಣುಮಗಳನ್ನು ವಿಚಾರಿಸಿದರೆ, "ಇದರಲ್ಲೇನು ವಿದ್ಯೆ?" ಎಂದು ನಗುವಳು. ಆದರೆ ಗೋದಿಯ ಕಣಕಕ್ಕಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಆದಕಾರಣ ಕುದಿಯುವ ಎಸರಿನಲ್ಲಿ ಕಲಸಿ, ಚೆನ್ನಾಗಿ ನಾದಿ, ಅಂಗೈಯಿಂದ ತಿರುವುತ್ತಾ ತಟ್ಟದಿದ್ದರೆ ಅಂಚು ಬಿರಿಯುವದು. ಮೊರದಲ್ಲಿ ಕೇರುವಾಗ ಹೊಟ್ಟು ಮುಂದಕ್ಕೆ ಹಾರಿ, ಕಾಳು ಹಿಂದೆ ಉಳಿಯುವಂತೆ ಮಣಿಕಟ್ಟನ್ನು ಆಡಿಸಬೇಕು. ಇವುಗಳಿಗೆ ಪಠ್ಯವೂ ಇಲ್ಲ, ಪರೀಕ್ಷೆಯೂ ಇಲ್ಲ.

ಹೊರದೇಶದಿಂದ ಬಂದವರನ್ನು ಕಂಡಾಗಲೇ ಇದು ಕಲಿತದ್ದೆಂಬ ಅರಿವು ನಮಗಾಗುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕಡಲಾಚೆ ಸಂಸಾರ ಹೂಡಿರುವರು. ಅವರ ಮಕ್ಕಳು ರಜೆಯಲ್ಲಿ ಅಜ್ಜಿಯ ಊರಿಗೆ ಬಂದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂಡಲಾರರು. ಚೊಂಬನ್ನು ತುಟಿಗೆ ತಾಕಿಸದೆ ನೀರು ಕುಡಿಯಲಾರರು. ನೆರೆದವರು ನಗುವರು, ಮರುದಿನ ಮಗುವು ಪಂಕ್ತಿಗೇ ಬಾರದು. ಈ ನಗೆಯು ತರವಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೋವಾಬಿನ ರೂತಳು ಬೇತ್ಲೆಹೇಮಿಗೆ ಪರದೇಶದವಳಾಗಿ ಬಂದು ಹಕ್ಕಲಾಯುತ್ತಿದ್ದಾಗ, ಅವಳನ್ನು ಯಾರೂ ಗದರಿಸಬಾರದೆಂದು ಬೋವಜನು ಆಳುಗಳಿಗೆ ಅಪ್ಪಣೆಮಾಡಿದನು. ಏನು ಮಾಡಬೇಕೆಂಬುದನ್ನು ಅತ್ತೆ ನೊವೊಮಿಯು ತಿಳಿಸಿಕೊಟ್ಟಳು. 1853 ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲ್ ಪಂಡಿತರಿಗೂ ನಮ್ಮ ಮಾತು ಹುಟ್ಟಿನಿಂದ ಬಂದದ್ದಲ್ಲ. ಅವರು ಕೇಳಿದರು, ಬಲ್ಲವರು ಹೇಳಿಕೊಟ್ಟರು. 1894 ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಇಂದಿಗೂ ನಮಗೆ ಉಪಕಾರಿಯಾಗಿರುವದು. ಕೇಳುವವರನ್ನು ಹಾಸ್ಯಮಾಡುವಲ್ಲಿ ಇಂಥ ಫಲವು ಹುಟ್ಟದು.

ಇನ್ನೊಂದು ಮಾತುಂಟು. ಊರಿನಲ್ಲೇ ಬೆಳೆದ ನಮ್ಮ ಹುಡುಗಿಯರೂ ಈಗ ಈ ಕೆಲಸಗಳಿಗೆ ಪರದೇಶದವರಾಗುತ್ತಿರುವರು. "ನಮ್ಮ ಮಗಳಿಗೆ ಓದೊಂದೇ, ಮೊರ ಹಿಡಿಯಲೂ ಬಾರದು" ಎಂದು ಹೆಮ್ಮೆಯಿಂದ ಹೇಳುವ ತಾಯಂದಿರನ್ನು ನಾವು ಬಲ್ಲೆವು. ಹೆಣ್ಣುಮಕ್ಕಳನ್ನು ಒಲೆಗೆ ಕಟ್ಟಿಹಾಕಬೇಕೆಂದು ನಾವೆಂದಿಗೂ ಹೇಳೆವು. ಹಾಗೆ ಹೇಳುವದಾದರೆ ಈ ಶಾಲೆಯೇ ಬೇಕಾಗಿರಲಿಲ್ಲ. ಗಂಡುಮಕ್ಕಳೂ ಇವನ್ನು ಕಲಿಯಲಿ. ಆದರೆ ಅಜ್ಜಿಯ ಕೈಯಲ್ಲಿರುವದನ್ನು ಮೊಮ್ಮಗಳು ಕೇಳದೆ ಹೋದರೆ, ಅದನ್ನು ಯಾವ ಗ್ರಂಥಾಲಯದಲ್ಲಿ ಹುಡುಕುವದು?

ಆದಕಾರಣ ತಾಯಂದಿರೇ, ಬರುವ ರಜೆಯಲ್ಲಿ ಮನೆಯ ಮಕ್ಕಳನ್ನೂ ಪರದೇಶದಿಂದ ಬಂದ ಮಕ್ಕಳನ್ನೂ ಒಟ್ಟಿಗೆ ಕೂಡಿಸಿಕೊಂಡು ಕಲಿಸಿರಿ. ಎಸರು ಏಕೆ ಕುದಿಯಬೇಕೆಂಬುದನ್ನೂ ಹೇಳಿರಿ. ಮೊದಲನೆಯ ರೊಟ್ಟಿಯು ಹರಿದರೆ, ಹರಿದದ್ದನ್ನೇ ಎಲ್ಲರೂ ಹಂಚಿಕೊಂಡು ತಿನ್ನಿರಿ.